ರಿಫಂಡ್ ಮೇಲ್ ಅಸಲಿಯೋ ನಕಲಿಯೋ? ಪ್ಯಾನ್ ಆಗಲೇ ಕಳ್ಳರ ಕೈ ಸೇರಿದ್ದರೆ ಏನು ಮಾಡುವುದು?

ಶಾಲ್ಮಲಾ_ಧಾರವಾಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ನಿವೃತ್ತ ಶಿಕ್ಷಕರ ಗುಂಪಿನಲ್ಲಿ ಒಂದೇ ವಾರದೊಳಗೆ ಆದಾಯ ತೆರಿಗೆ ಇಲಾಖೆಯ ಹೆಸರಿನ ಮೂರು ಬಗೆಯ ಸಂದೇಶ ಬಂದಿವೆ.

ಮೊದಲನೆಯದು, "ನಿಮಗೆ ಇಷ್ಟು ರಿಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ತಪ್ಪಿದ್ದರೆ ಕೆಳಗಿನ ಲಿಂಕ್‌ನಲ್ಲಿ ಸರಿಪಡಿಸಿ". ಎರಡನೆಯದು, ಪ್ಯಾನ್ 2.0 ಎಂಬ ಹೊಸ ಪ್ಯಾನ್ ವ್ಯವಸ್ಥೆ ಬಂದಿದೆ, ಇ-ಪ್ಯಾನ್ ಉಚಿತವಾಗಿ ಇಳಿಸಿಕೊಳ್ಳಿ ಅನ್ನುವ ಮೇಲ್. ಮೂರನೆಯದು 143(1) ಇಂಟಿಮೇಶನ್, ಅಂದರೆ ರಿಟರ್ನ್ ಪರಿಶೀಲಿಸಿದ ಮೇಲೆ ಇಲಾಖೆ ಕಳಿಸುವ ಲೆಕ್ಕದ ಪತ್ರ. ಜೊತೆಗೆ ಪಿಡಿಎಫ್ ಇದೆ, ಅದು ಪ್ಯಾನ್ ಮತ್ತು ಹುಟ್ಟಿದ ತಾರೀಖಿನಿಂದ ತೆರೆದುಕೊಳ್ಳುತ್ತದೆ. ಮೂರನೆಯದು ಕೆಲವರಿಗೆ ಇಲಾಖೆಯಿಂದಲೇ ಬಂದದ್ದಿರಬಹುದು, ಅದೇ ತಲೆನೋವು.

ಎರಡು ವಿಷಯ ತಿಳಿಸಿ. ಅಸಲಿ ಯಾವುದು ಎಂದು ಗಟ್ಟಿಯಾಗಿ ಹೇಳುವ ದಾರಿ ಯಾವುದು? ಇಬ್ಬರು ಮೊದಲನೇ ಲಿಂಕ್ ಒತ್ತಿ ಪ್ಯಾನ್, ಆಧಾರ್, ಖಾತೆ ಸಂಖ್ಯೆ ತುಂಬಿಬಿಟ್ಟಿದ್ದಾರೆ. ಒಟಿಪಿ ಕೊಟ್ಟಿಲ್ಲ, ದುಡ್ಡೂ ಹೋಗಿಲ್ಲ. ಹಾಗಂತ ಸುಮ್ಮನಿರಬಹುದೇ?

ಲೆಕ್ಕದಮನೆ_ತುಮಕೂರು ಉತ್ತರಿಸಿದ್ದು:

ಮೇಡಂ, ಮೊದಲ ಪ್ರಶ್ನೆಗೆ ನನ್ನ ಉತ್ತರ: ಮೇಲ್ ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವ ಗೋಜಿಗೇ ಹೋಗಬೇಡಿ. ಇಲಾಖೆ ನಿಮಗೆ ನಿಜವಾಗಿ ಏನನ್ನೇ ಕಳಿಸಿದ್ದರೂ ಅದು ಇ-ಫೈಲಿಂಗ್ ಪೋರ್ಟಲ್‌ನ ನಿಮ್ಮ ಖಾತೆಯಲ್ಲೂ ಇರುತ್ತದೆ. ಆದ್ದರಿಂದ ಮೇಲ್ ಬಂದರೆ ಅದನ್ನು ಮುಚ್ಚಿ, ಬ್ರೌಸರ್ ತೆರೆದು, ವಿಳಾಸವನ್ನು ಕೈಯಾರೆ ಟೈಪ್ ಮಾಡಿ: ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತಬೇಡಿ. ಅಲ್ಲಿ ಮೇಲುಗಡೆ ಬರುವುದು ಜಾಹೀರಾತು ಆಗಿರಬಹುದು.

ಒಳಗೆ ಹೋದ ಮೇಲೆ ಎಲ್ಲಿ ನೋಡಬೇಕು ಅಂದರೆ, ರಿಫಂಡ್ ಸ್ಥಿತಿ "ಇ-ಫೈಲ್" ಪಟ್ಟಿಯ "ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್" ಕೆಳಗಿನ "ವ್ಯೂ ಫೈಲ್ಡ್ ರಿಟರ್ನ್ಸ್"ನಲ್ಲಿರುತ್ತದೆ. 143(1) ಇಂಟಿಮೇಶನ್ನೂ ಅಲ್ಲೇ ಇಳಿಸಿಕೊಳ್ಳಲು ಸಿಗುತ್ತದೆ. ಬಾಕಿ ತೆರಿಗೆ ಇದೆ ಅಂತ ಮೇಲ್ ಹೇಳಿದರೆ "ಪೆಂಡಿಂಗ್ ಆಕ್ಷನ್ಸ್" ಒಳಗೆ "ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್" ನೋಡಿ. ನೋಟಿಸ್ ಇದ್ದರೆ ಅದೇ ಪಟ್ಟಿಯ "ಇ-ಪ್ರೊಸೀಡಿಂಗ್ಸ್"ನಲ್ಲಿ ಕಾಣುತ್ತದೆ.

ರಿಫಂಡ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಹೆಚ್ಚಾಗಿ ಬೀಳುವುದು ಇಲ್ಲೇ. ರಿಟರ್ನ್ ಸಲ್ಲಿಸಿ ಇ-ವೆರಿಫೈ ಮಾಡಿದ ಮೇಲೆ ರಿಫಂಡ್ ಪಡೆಯಲು ನೀವು ಮತ್ತೇನನ್ನೂ ಒತ್ತಬೇಕಿಲ್ಲ. ಇಲಾಖೆಯ ಬೆಂಗಳೂರಿನ ಸಂಸ್ಕರಣಾ ಕೇಂದ್ರ (ಸಿಪಿಸಿ) ರಿಟರ್ನ್ ಪರಿಶೀಲಿಸುತ್ತದೆ, ಸ್ಟೇಟ್ ಬ್ಯಾಂಕ್ ಮೂಲಕ ದುಡ್ಡು ನೇರ ಖಾತೆಗೆ ಬೀಳುತ್ತದೆ. ಅದೂ ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಮಾಡಿಸಿದ ಖಾತೆಗೆ ಮಾತ್ರ. ಖಾತೆ ತಪ್ಪಿ ದುಡ್ಡು ವಾಪಸ್ ಹೋಗಿದ್ದರೆ ಪೋರ್ಟಲ್‌ನಲ್ಲಿ "ರಿಫಂಡ್ ಫೇಲ್ಡ್" ಎಂದು ಬರುತ್ತದೆ. ಆಗ "ಸರ್ವಿಸಸ್" ಕೆಳಗಿನ "ರಿಫಂಡ್ ರೀಇಶ್ಯೂ"ಗೆ ಹೋಗಿ ಕೋರಿಕೆ ಹಾಕಬೇಕು. ಖಾತೆ ಸಂಖ್ಯೆಯನ್ನು ಎಸ್‌ಎಂಎಸ್ ಲಿಂಕ್‌ನಲ್ಲಿ ತಿದ್ದುವ ವ್ಯವಸ್ಥೆ ಇಲ್ಲವೇ ಇಲ್ಲ.

2023ರಲ್ಲಿ ಹರಿದಾಡಿದ ಒಂದು ಸಂದೇಶದ ಹೆಣಿಗೆ ನೋಡಿ: "15,490 ರೂಪಾಯಿ ರಿಫಂಡ್ ಮಂಜೂರಾಗಿದೆ, ಸ್ವಲ್ಪದರಲ್ಲೇ ಜಮೆಯಾಗುತ್ತದೆ, ನಿಮ್ಮ ಖಾತೆ ಸಂಖ್ಯೆ ಇದು ತಾನೇ ಎಂದು ಖಚಿತಪಡಿಸಿಕೊಳ್ಳಿ, ಅಲ್ಲದಿದ್ದರೆ ಇಲ್ಲಿ ಬದಲಿಸಿ". ನಡುವಿನ ಅಂಕಿಗಳ ಜಾಗದಲ್ಲಿ ಎಕ್ಸ್ ಹಾಕಿದ ಒಂದು ಖಾತೆ ಸಂಖ್ಯೆ. ಅದು ಬೇಕೆಂದೇ ತಪ್ಪಾಗಿ ಕೊಟ್ಟಿದ್ದು. ಮೊತ್ತ ನಂಬುವಂತಿದೆ, ಖಾತೆ ನಮ್ಮದಲ್ಲ, ನಮ್ಮ ದುಡ್ಡು ಬೇರೆಯವರಿಗೆ ಹೋಗಿಬಿಡುತ್ತದೆ ಅನ್ನುವ ಗಾಬರಿಯಲ್ಲಿ ಕೈ ತಾನಾಗೇ ಲಿಂಕ್ ಮೇಲೆ ಹೋಗುತ್ತದೆ. ಕೇಂದ್ರ ಸರ್ಕಾರದ ಸುದ್ದಿ ಪರಿಶೀಲನಾ ಘಟಕವಾದ ಪಿಐಬಿ ಫ್ಯಾಕ್ಟ್ ಚೆಕ್ ಇದನ್ನು ಆಗಲೇ ನಕಲಿ ಎಂದು ಸಾರಿತ್ತು. ಪ್ಯಾನ್ 2.0 ಮೇಲ್ ಬಗ್ಗೆಯೂ ಅವರ ಎಚ್ಚರಿಕೆ ಇದೆ. ಆ ಯೋಜನೆಗೆ 2024ರ ನವೆಂಬರ್ 25ರಂದು ಕೇಂದ್ರ ಒಪ್ಪಿಗೆ ಕೊಟ್ಟದ್ದು ನಿಜ, ಕಳ್ಳರು ಆ ನಿಜದ ಬೆನ್ನು ಹತ್ತಿದ್ದಾರೆ ಅಷ್ಟೆ. ಈಗಿರುವ ಪ್ಯಾನ್ ಕಾರ್ಡ್ ಚಾಲ್ತಿಯಲ್ಲೇ ಇದೆ, ಮೇಲ್ ನೋಡಿ ಬದಲಿಸಿಕೊಳ್ಳಬೇಕಾದ್ದು ಏನೂ ಇಲ್ಲ.

ನೋಟಿಸ್ ಅಸಲಿಯೇ ಎಂದು ನೋಡಲು ಇನ್ನೊಂದು ಒಳ್ಳೆಯ ದಾರಿ ಇದೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಕಡ್ಡಾಯ ಮಾಡಿದ್ದಾರೆ. ಪೋರ್ಟಲ್‌ನ ಮುಖಪುಟದ "ಕ್ವಿಕ್ ಲಿಂಕ್ಸ್"ನಲ್ಲಿ "ಅಥೆಂಟಿಕೇಟ್ ನೋಟಿಸ್" ಅಂತ ಇದೆ, ಲಾಗಿನ್ ಬೇಡ. ಆ ಸಂಖ್ಯೆ ಮತ್ತು ಮೊಬೈಲ್ ಹಾಕಿದರೆ ಒಟಿಪಿ ಬರುತ್ತದೆ, ಇಲಾಖೆ ಅಂಥ ಪತ್ರ ಕೊಟ್ಟಿದೆಯೋ ಇಲ್ಲವೋ ಹೇಳುತ್ತದೆ. ಪತ್ರದಲ್ಲಿ ಸಂಖ್ಯೆಯೇ ಇಲ್ಲದಿದ್ದರೆ ಪ್ಯಾನ್, ಪತ್ರದ ಬಗೆ, ವರ್ಷ, ದಿನಾಂಕ ಕೊಟ್ಟೂ ಹುಡುಕಬಹುದು.

ಪ್ಯಾಕೆಟ್‌ಮಿತ್ರ ಉತ್ತರಿಸಿದ್ದು:

ಮೇಲಿನ ಮಾತು ಪೂರ್ತಿ ಒಪ್ಪುತ್ತೇನೆ. ಜನ ನೆಚ್ಚಿಕೊಂಡಿರುವ ಮೂರು "ಗುರುತು"ಗಳು ಯಾಕೆ ಸಾಲವು ಎಂದು ಸೇರಿಸುತ್ತೇನೆ.

ಪಾಸ್‌ವರ್ಡ್ ಹಾಕಿದ ಪಿಡಿಎಫ್. ಇಲಾಖೆಯ ಇಂಟಿಮೇಶನ್ ಪ್ಯಾನ್ ಅನ್ನು ಸಣ್ಣ ಅಕ್ಷರದಲ್ಲಿ ಬರೆದು, ಅದರ ಬೆನ್ನಿಗೇ ಹುಟ್ಟಿದ ದಿನ, ತಿಂಗಳು, ವರ್ಷ 8 ಅಂಕಿಯಲ್ಲಿ ಹಾಕಿದರೆ ತೆರೆದುಕೊಳ್ಳುತ್ತದೆ. ಸರಿ. ಆದರೆ ನಿಮ್ಮ ಪ್ಯಾನ್ ಮತ್ತು ಹುಟ್ಟಿದ ತಾರೀಖು ಸಾಲದ ಏಜೆಂಟ್, ಸಿಮ್ ಅಂಗಡಿ, ಜೆರಾಕ್ಸ್ ಅಂಗಡಿ, ಬಾಡಿಗೆ ಕರಾರು, ಎಲ್ಲೆಲ್ಲೂ ಬಿದ್ದಿವೆ. ಅವೆರಡು ಇದ್ದವರು ಅದೇ ಪಾಸ್‌ವರ್ಡ್‌ನ ಪಿಡಿಎಫ್ ತಯಾರಿಸಬಹುದು. ತೆರೆದುಕೊಂಡಿತು ಅನ್ನುವುದು ಪುರಾವೆ ಅಲ್ಲ.

ಕಳಿಸಿದವರ ಹೆಸರು. ಮೊಬೈಲ್‌ನಲ್ಲಿ ಮೇಲ್ ತೆರೆದರೆ ಹೆಸರು ಮಾತ್ರ ಕಾಣುತ್ತದೆ, ವಿಳಾಸ ಅಡಗಿರುತ್ತದೆ. ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ವಿಳಾಸವನ್ನೂ ನಕಲು ಮಾಡಲು ಯತ್ನಿಸುತ್ತಾರೆ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ಮೇಲ್‌ನ ಬಲತುದಿಯ ಮೂರು ಚುಕ್ಕೆ ಒತ್ತಿ "ಶೋ ಒರಿಜಿನಲ್" ಆರಿಸಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಸಾಲು ಬರುತ್ತವೆ. ಮೇಲ್ ಕಳಿಸಿದ ಡೊಮೇನ್ (ವಿಳಾಸದಲ್ಲಿ ಅಟ್ ಗುರುತಿನ ನಂತರದ ಭಾಗ) ನಿಜವೇ ಎಂಬ ತಪಾಸಣೆಗಳು ಅವು. ಅಲ್ಲಿ "ಪಾಸ್" ಇದ್ದರಷ್ಟೇ ಸಾಲದು, ಪಾಸ್ ಆಗಿರುವುದು ಯಾವ ಡೊಮೇನ್‌ಗೆ ಎಂದು ನೋಡಿ. ಕಳ್ಳ ತನ್ನದೇ ಡೊಮೇನ್ ಕೊಂಡು ಅದಕ್ಕೆ ಮೂರನ್ನೂ ಸರಿಯಾಗಿ ಹೊಂದಿಸಿದ್ದರೆ ಮೂರಕ್ಕೂ ಪಾಸ್ ಸಿಗುತ್ತದೆ!

ಬೀಗದ ಚಿತ್ರ. ಅದು ನಿಮ್ಮ ಮತ್ತು ಆ ಜಾಲತಾಣದ ನಡುವಿನ ದಾರಿ ಗುಪ್ತವಾಗಿದೆ ಎಂದಷ್ಟೇ ಹೇಳುತ್ತದೆ. ಆ ತುದಿಯಲ್ಲಿ ಕೂತವರು ಯಾರು ಎಂದು ಹೇಳುವುದಿಲ್ಲ. ನಕಲಿ ತಾಣಗಳಿಗೂ ಬೀಗ ಪುಕ್ಕಟೆ ಸಿಗುತ್ತದೆ.

ಹಾಗಾದರೆ ವಿಳಾಸ ಓದುವುದು ಹೇಗೆ? "ಎಚ್‌ಟಿಟಿಪಿಎಸ್" ಮತ್ತು ಅದರ ಪಕ್ಕದ ಜೋಡಿ ಓರೆಗೆರೆ ಮುಗಿದ ಮೇಲೆ ಬರುವ ಮೊದಲ ಓರೆಗೆರೆಯವರೆಗೆ ನೋಡಿ, ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ ಓದಿ. ಕೊನೆಯಲ್ಲಿ "ಡಾಟ್ ಜಿಒವಿ ಡಾಟ್ ಇನ್" ಇರಬೇಕು. ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಡೊಮೇನ್. "ಇನ್‌ಕಮ್‌ಟ್ಯಾಕ್ಸ್ ಹೈಫನ್ ಜಿಒವಿ ಡಾಟ್ ಇನ್" ಅಂದರೆ ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ, ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಇನ್ನೊಂದು ಆಟ, ಅಸಲಿ ವಿಳಾಸವನ್ನೇ ಮೊದಲಿಗಿಟ್ಟು ಕೊನೆಗೆ "ಡಾಟ್ ಏನೋ ಡಾಟ್ ಕಾಮ್" ಅಂಟಿಸುವುದು. ಎಡದಿಂದ ಓದುವವರು ಮೊದಲ ಪದಗಳಿಗೇ ನಂಬಿಬಿಡುತ್ತಾರೆ. ಮೊಬೈಲ್ ಪರದೆ ಚಿಕ್ಕದಾದ್ದರಿಂದ ಬಾಲವೇ ಕಾಣುವುದಿಲ್ಲ, ವಿಳಾಸದ ಪಟ್ಟಿ ಒತ್ತಿ ಪೂರ್ತಿ ಎಳೆದು ನೋಡಬೇಕು.

ಪೋರ್ಟಲ್‌ನಲ್ಲಿ ಇನ್ನೊಂದು ಅನುಕೂಲವಿದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಪ್ಯಾನ್ ಹಾಕಿ ಮುಂದಕ್ಕೆ ಹೋದಾಗ, ಪಾಸ್‌ವರ್ಡ್ ಕೇಳುವ ಪುಟದಲ್ಲಿ ನೋಂದಣಿ ವೇಳೆ ನೀವೇ ಬರೆದ ಒಂದು ಸಾಲು ತೋರಿಸಿ, ಇದು ನಿಮ್ಮದೇ ಎಂದು ಟಿಕ್ ಮಾಡಲು ಕೇಳುತ್ತದೆ. ಅದನ್ನು ನಿಮ್ಮ ಮನೆಯ ಹಸುವಿನ ಹೆಸರೋ, ಊರಿನ ಕೆರೆಯ ಹೆಸರೋ ಮಾಡಿಕೊಳ್ಳಿ. ಆ ಸಾಲು ಕಾಣದಿದ್ದರೆ ಪಾಸ್‌ವರ್ಡ್ ಹಾಕಬೇಡಿ. ಕಂಡರೂ ವಿಳಾಸ ನೋಡುವುದನ್ನು ಬಿಡಬೇಡಿ.

ಎಸ್‌ಎಂಎಸ್ ಬಗ್ಗೆ ಒಂದು ಮಾತು: ಇಲಾಖೆ 10 ಅಂಕಿಯ ಮೊಬೈಲ್ ಸಂಖ್ಯೆಯಿಂದ ಕಳಿಸುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರಲ್ಲಿ ತಂದ ನಿಯಮದಂತೆ ಸರ್ಕಾರಿ ಸಂದೇಶಗಳ ಹೆಡರ್ (ಕಳಿಸಿದವರ ಹೆಸರಿನ ಸಂಕೇತ) ಕೊನೆಗೆ ಹೈಫನ್ ಜಿ ಇರುತ್ತದೆ.

ನಕಲಿ ಮೇಲ್ ಅಳಿಸುವ ಮೊದಲು ದೂರು ಕಳಿಸಿ. ವಿಳಾಸ: ವೆಬ್‌ಮ್ಯಾನೇಜರ್ ಅಟ್ ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್, ಪ್ರತಿ ಇನ್ಸಿಡೆಂಟ್ ಅಟ್ ಸರ್ಟ್ ಹೈಫನ್ ಇನ್ ಡಾಟ್ ಒಆರ್‌ಜಿ ಡಾಟ್ ಇನ್. ಸ್ಕ್ರೀನ್‌ಶಾಟ್ ಕಳಿಸಿದರೆ ಅವರಿಗೆ ಉಪಯೋಗವಿಲ್ಲ. "ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್" ಮಾಡಿ, ಆಗ ಮೇಲ್ ಎಲ್ಲಿಂದ ಹೊರಟಿತು ಎಂಬ ಹೆಡರ್ ಕೂಡ ಜೊತೆಗೇ ಹೋಗುತ್ತದೆ.

ಕರಾವಳಿ_ಟ್ಯಾಕ್ಸ್ ಉತ್ತರಿಸಿದ್ದು:

ಎರಡನೇ ಪ್ರಶ್ನೆಗೆ ಬರುತ್ತೇನೆ. ಸುಮ್ಮನಿರಬೇಡಿ. ಪ್ಯಾನ್, ಆಧಾರ್, ಖಾತೆ ಸಂಖ್ಯೆ ಹೋದರೆ ಅಂದೇ ದುಡ್ಡು ಹೋಗುವುದಿಲ್ಲ. ತಿಂಗಳುಗಳ ಮೇಲೆ ಬೇರೆ ರೂಪದಲ್ಲಿ ಬಂದು ಕಾಡುತ್ತದೆ. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಪ್ಯಾನ್ ಅನ್ನು ಹಾಗೆ ಬದಲಿಸಲು ಬರುವುದಿಲ್ಲ. ಇನ್ನೊಂದು ಪ್ಯಾನ್ ಮಾಡಿಸಿಕೊಳ್ಳೋಣ ಎಂದು ಹೊರಟರೆ ಎರಡು ಪ್ಯಾನ್ ಇಟ್ಟುಕೊಂಡದ್ದಕ್ಕೆ 10,000 ರೂಪಾಯಿ ದಂಡ ಬೀಳಬಹುದು. ಹಾಗಾಗಿ ಇರುವ ಪ್ಯಾನನ್ನೇ ಕಾವಲು ಕಾಯಬೇಕು.

ಮೊದಲು ಎಐಎಸ್. ಪೋರ್ಟಲ್‌ನಲ್ಲಿ ಸಿಗುವ ವಾರ್ಷಿಕ ಮಾಹಿತಿ ಪಟ್ಟಿ ಅದು. ನಿಮ್ಮ ಪ್ಯಾನ್ ಹೆಸರಲ್ಲಿ ಯಾರು ಎಷ್ಟು ಸಂಬಳ ಕೊಟ್ಟರು, ಯಾವ ಬ್ಯಾಂಕ್ ಎಷ್ಟು ಬಡ್ಡಿ ಕೊಟ್ಟಿತು, ಆಸ್ತಿ, ಷೇರು, ಎಲ್ಲ ಅಲ್ಲಿರುತ್ತದೆ. ಪ್ಯಾನ್ ಕದ್ದವರ ಮಾಮೂಲಿ ಕೆಲಸವೆಂದರೆ, ಖರ್ಚು ಹೆಚ್ಚು ತೋರಿಸಲು ನಿಮ್ಮನ್ನು ತಮ್ಮ ನೌಕರ ಎಂದು ಬರೆದುಕೊಳ್ಳುವುದು. ಪಿಂಚಣಿ ಮಾತ್ರ ಬರುವವರ ಪಟ್ಟಿಯಲ್ಲಿ ಎಲ್ಲಿಯದೋ ಕಂಪನಿಯ ಸಂಬಳ ಕಂಡರೆ ಅದರ ಮೇಲೆ ಒತ್ತಿ, ಫೀಡ್‌ಬ್ಯಾಕ್‌ನಲ್ಲಿ ಈ ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು ಅಥವಾ ಇದನ್ನು ನಿರಾಕರಿಸುತ್ತೇನೆ ಎಂಬುದನ್ನು ಆರಿಸಿ. ಅದು ಮಾಹಿತಿ ಕೊಟ್ಟವರಿಗೆ ಹೋಗುತ್ತದೆ, ಅವರು ಒಪ್ಪಿದರೋ ಇಲ್ಲವೋ ಎಂಬುದೂ ಪಟ್ಟಿಯಲ್ಲೇ ಕಾಣುತ್ತದೆ. ನಿಮ್ಮ ಹೆಸರಲ್ಲಿ ಕಡಿತವಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಕಡಿತ ಮಾಡಿದವರ ಗುರುತಿನ ಸಂಖ್ಯೆ (ಟ್ಯಾನ್) ಇರುತ್ತದೆ. ಆ ಕಂಪನಿಗೆ ಬರಹದಲ್ಲಿ, ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ) ವಿವರ ತಿದ್ದಿ ಸಲ್ಲಿಸಿ ಎಂದು ಕೇಳಿ, ಪ್ರತಿ ಇಟ್ಟುಕೊಳ್ಳಿ.

ಇಲ್ಲಿ ಒಂದು ದೊಡ್ಡ ತಪ್ಪು ಆಗುತ್ತದೆ. ಅಪರಿಚಿತ ಸಂಬಳದ ಜೊತೆಗೆ ಒಂದಿಷ್ಟು ಟಿಡಿಎಸ್ಸೂ ಜಮೆ ಕಂಡಾಗ, ಬಂದದ್ದು ಬರಲಿ ಎಂದು ಕೆಲವರು ಅದನ್ನು ರಿಫಂಡ್‌ಗೆ ಸೇರಿಸಿಬಿಡುತ್ತಾರೆ. ದಯವಿಟ್ಟು ಮಾಡಬೇಡಿ. ಆ ಟಿಡಿಎಸ್ ಕೇಳಿದಿರಿ ಅಂದರೆ ಆ ಆದಾಯವೂ ನಿಮ್ಮದೇ ಎಂದು ಒಪ್ಪಿದಂತೆ. ಮುಂದೆ ನಿರಾಕರಿಸಲು ಬಾಯಿ ಇರುವುದಿಲ್ಲ.

ಎರಡನೆಯದು ಜಿಎಸ್‌ಟಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೇ "ಸರ್ಚ್ ಟ್ಯಾಕ್ಸ್‌ಪೇಯರ್" ಒಳಗೆ "ಸರ್ಚ್ ಬೈ ಪ್ಯಾನ್" ಇದೆ. ನಿಮ್ಮ ಪ್ಯಾನ್ ಹಾಕಿ. ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು: ಮೊದಲೆರಡು ರಾಜ್ಯದ ಸಂಕೇತ, ಆಮೇಲಿನ 10 ನಿಮ್ಮ ಪ್ಯಾನೇ. ಕರ್ನಾಟಕದ್ದು 29. ವ್ಯಾಪಾರವೇ ಇಲ್ಲದ ಮೇಷ್ಟ್ರ ಪ್ಯಾನ್‌ನಲ್ಲಿ 07 ಅಂದರೆ ದೆಹಲಿಯಿಂದ ಶುರುವಾಗುವ ಸಂಖ್ಯೆ ಬಂದರೆ, ಅವರ ಹೆಸರಲ್ಲಿ ಯಾರೋ ನಕಲಿ ಬಿಲ್ ಮಾರುತ್ತಿದ್ದಾರೆ ಎಂದರ್ಥ. ಕೂಡಲೇ ಪೊಲೀಸ್ ದೂರು ಕೊಟ್ಟು, ಅದರ ಪ್ರತಿಯ ಜೊತೆ ಆ ನೋಂದಣಿಯ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಗೆ ರದ್ದತಿಗೆ ಬರೆಯಬೇಕು. ಅಧಿಕಾರಿಯ ವ್ಯಾಪ್ತಿ ಅದೇ ಹುಡುಕಾಟದ ಫಲಿತಾಂಶದಲ್ಲಿ ಇರುತ್ತದೆ.

ಮೂರನೆಯದು ಸಾಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಜನರ ಸಾಲದ ಲೆಕ್ಕ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯದೆ ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷಪೂರ್ತಿ ಕಣ್ಣಿಟ್ಟಂತಾಗುತ್ತದೆ. ವರದಿಯಲ್ಲಿ ಸಾಲದ ಪಟ್ಟಿಗಿಂತ ಮೊದಲು "ಎನ್‌ಕ್ವೈರಿ" ಭಾಗ ನೋಡಿ. ನಿಮ್ಮ ಹೆಸರಲ್ಲಿ ಯಾರಾದರೂ ಸಾಲಕ್ಕೆ ಅರ್ಜಿ ಹಾಕಿದ್ದರೆ ಅಲ್ಲೇ ಮೊದಲು ಕಾಣುವುದು. ತಪ್ಪಿದ್ದರೆ ಆನ್‌ಲೈನ್‌ನಲ್ಲೇ ಡಿಸ್ಪ್ಯೂಟ್ ಹಾಕಿ. 30 ದಿನದಲ್ಲಿ ಬಗೆಹರಿಯಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ.

ಆಧಾರ್‌ಗೆ ಬೆರಳಚ್ಚು ಲಾಕ್ ಮಾಡಿ, ಎಂ-ಆಧಾರ್ ಆ್ಯಪ್‌ನಲ್ಲಿ ಆಗುತ್ತದೆ. ಪಿಂಚಣಿದಾರರು ಒಂದು ನೆನಪಿಟ್ಟುಕೊಳ್ಳಲಿ: ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರಕ್ಕೆ ಹೆಬ್ಬೆರಳು ಒತ್ತುವಾಗ, ಪಡಿತರ ಅಂಗಡಿಯಲ್ಲೂ, ತಾತ್ಕಾಲಿಕವಾಗಿ ತೆರೆಯಬೇಕು. ಇಲ್ಲದಿದ್ದರೆ ಯಂತ್ರ ಒಪ್ಪುವುದಿಲ್ಲ, ಬೆರಳು ಸವೆದಿದೆ ಎಂದು ವಾಪಸ್ ಕಳಿಸುತ್ತಾರೆ. ಹೆಸರಲ್ಲಿ ಬೇರೆ ಸಿಮ್ ಇದೆಯೇ ಎಂಬುದನ್ನು ಸಂಚಾರ್ ಸಾಥಿ ತಾಣದಲ್ಲಿ ನೋಡಿ, ಇದ್ದರೆ ನನ್ನದಲ್ಲ ಎಂದು ಗುರುತು ಹಾಕಿ.

ಶಾಲ್ಮಲಾ_ಧಾರವಾಡ:

ತುಂಬಾ ಉಪಕಾರವಾಯಿತು. ಒಂದು ಹೊಸ ಸಂಗತಿ. ಆ ಇಬ್ಬರಲ್ಲಿ ಒಬ್ಬರು ಲಿಂಕ್‌ನಿಂದ ಒಂದು ಆ್ಯಪ್ ಕೂಡ ಇಳಿಸಿಕೊಂಡಿದ್ದರಂತೆ. ಎಸ್‌ಎಂಎಸ್ ಓದುವ ಅನುಮತಿ ಕೇಳಿತ್ತು, ಕೊಟ್ಟಿದ್ದಾರೆ. ಆ್ಯಪ್ ಈಗ ಪರದೆಯಲ್ಲಿ ಕಾಣುತ್ತಿಲ್ಲ.

ಪ್ಯಾಕೆಟ್‌ಮಿತ್ರ ಉತ್ತರಿಸಿದ್ದು:

ಮೇಡಂ, ಹಾಗಿದ್ದರೆ ಇದು ಈ ಕ್ಷಣದ ಕೆಲಸ. ಒಟಿಪಿ ಕೊಟ್ಟಿಲ್ಲ ಅನ್ನುವ ಸಮಾಧಾನ ಇನ್ನು ನಡೆಯುವುದಿಲ್ಲ, ಆ ಆ್ಯಪ್ ತಾನೇ ಓದಿ ಕಳಿಸುತ್ತದೆ.

1. ಆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಸಿಮ್ ತೆಗೆದು ಬೇರೆ, ನಂಬಿಕೆಯ ಫೋನ್‌ಗೆ ಹಾಕಿ.
2. ಆ ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ನೆಟ್‌ಬ್ಯಾಂಕಿಂಗ್, ಯುಪಿಐ, ಕಾರ್ಡ್ ನಿಲ್ಲಿಸಿ. ಸಂಖ್ಯೆಯನ್ನು ಪಾಸ್‌ಬುಕ್‌ನಿಂದಲೋ ಕಾರ್ಡ್‌ನ ಹಿಂಬದಿಯಿಂದಲೋ ತೆಗೆದುಕೊಳ್ಳಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.
3. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರಿ ಎಟಿಎಂನಲ್ಲಿ ಹೊರಬೀಳುವ ಮೊದಲು ತಡೆಹಿಡಿಯಬೇಕು, ಅದಕ್ಕೇ ಈ ಆತುರ. ಹೋಗದಿದ್ದರೂ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ದೂರು ಹಾಕಿ.
4. ಇ-ಫೈಲಿಂಗ್, ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬೇರೆ ಸಾಧನದಿಂದ ಬದಲಿಸಿ. ಮೇಲ್ ಮೊದಲು, ಉಳಿದದ್ದರ ಬೀಗದ ಕೈ ಅಲ್ಲೇ ಇರುತ್ತದೆ.
5. ಪೋರ್ಟಲ್‌ನ ಪ್ರೊಫೈಲ್‌ನಲ್ಲಿ "ಮೈ ಬ್ಯಾಂಕ್ ಅಕೌಂಟ್" ನೋಡಿ, ಗೊತ್ತಿಲ್ಲದ ಖಾತೆ ಸೇರಿದೆಯೇ? "ವ್ಯೂ ಫೈಲ್ಡ್ ರಿಟರ್ನ್ಸ್"ನಲ್ಲಿ ನೀವು ಸಲ್ಲಿಸದ ರಿವೈಸ್ಡ್ ರಿಟರ್ನ್ ಇದೆಯೇ?
6. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ. ಆದರೆ ಅದಕ್ಕೂ ಮೊದಲು ಆ ಎಸ್‌ಎಂಎಸ್, ಲಿಂಕ್, ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯ ಚಿತ್ರಗಳನ್ನು ಇನ್ನೊಂದು ಫೋನಿನಿಂದ ತೆಗೆದಿಡಿ, ದೂರಿಗೆ ಬೇಕು.

ಪರದೆಯ ಮೇಲಿನ ತಮ್ಮ ಗುರುತುಚಿತ್ರ ಅಳಿಸಿಕೊಂಡು ಅಡಗುವುದು ಈ ಆ್ಯಪ್‌ಗಳ ಹಳೆಯ ಚಾಳಿ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಎಚ್ಚರಿಸಿದ ಡ್ರಿನಿಕ್ ಎಂಬುದು ಹೀಗೇ ಆದಾಯ ತೆರಿಗೆ ರಿಫಂಡ್ ವೇಷದಲ್ಲಿ ಬಂದು 27 ಬ್ಯಾಂಕ್‌ಗಳ ಗ್ರಾಹಕರ ಮೇಲೆ ಬಿದ್ದಿತ್ತು. ಪ್ಯಾನ್, ಆಧಾರ್, ಕಾರ್ಡ್ ಸಂಖ್ಯೆ, ಸಿವಿವಿ, ಪಿನ್ ಎಲ್ಲ ತುಂಬಿಸಿಕೊಂಡು, ರಿಫಂಡ್ ಮೊತ್ತ ತೋರಿಸಿ, "ಟ್ರಾನ್ಸ್‌ಫರ್" ಒತ್ತಿದ ಕೂಡಲೇ ಏನೋ ದೋಷ ಎಂದು ಹೇಳಿ ಅಪ್‌ಡೇಟ್ ಆಗುತ್ತಿರುವಂತೆ ಪರದೆ ತೋರಿಸುತ್ತಿತ್ತು. ನೀವು ಕಾಯುತ್ತಾ ಕೂತಿರುವಾಗ ಹಿಂದೆ ಎಸ್‌ಎಂಎಸ್, ಕರೆಗಳ ಪಟ್ಟಿ ಕಳ್ಳರಿಗೆ ಹೋಗುತ್ತಿತ್ತು.

ಲೆಕ್ಕದಮನೆ_ತುಮಕೂರು ಉತ್ತರಿಸಿದ್ದು:

ಬ್ಯಾಂಕಿನಲ್ಲಿ "ನೀವೇ ಕೊಟ್ಟಿದ್ದೀರಿ, ನಾವೇನು ಮಾಡೋಣ" ಎಂದರೆ ಹಿಂದಿರುಗಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದ ವಂಚನೆಯನ್ನು 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. ಗ್ರಾಹಕರ ಅಜಾಗರೂಕತೆ ಇದ್ದರೂ, ತಿಳಿಸಿದ ಕ್ಷಣದ ನಂತರ ಹೋದ ದುಡ್ಡಿನ ಹೊಣೆ ಬ್ಯಾಂಕಿನದು. ಅದಕ್ಕೇ ತಿಳಿಸಿದ ಸಮಯ ಬರಹದಲ್ಲಿ ಇರಬೇಕು. ಪೊಲೀಸ್ ದೂರಿಗೆ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಗುರುತಿನ ಕಳವಿಗೆ, 66ಡಿ ಸೋಗು ಹಾಕಿ ಮೋಸ ಮಾಡಿದ್ದಕ್ಕೆ.

ಇನ್ನೊಂದು ಮುಖ್ಯ ಮಾತು. ನಿಮ್ಮ ಗುಂಪಿನ ಪ್ರತಿಯೊಬ್ಬರ ಪೋರ್ಟಲ್ ಪ್ರೊಫೈಲ್‌ನ "ಕಾಂಟ್ಯಾಕ್ಟ್ ಡಿಟೇಲ್ಸ್" ತೆಗೆಸಿ ನೋಡಿ. ಯಾರ ಮೊಬೈಲ್, ಯಾರ ಮೇಲ್ ಇದೆ? ಎಷ್ಟೋ ಕಡೆ ರಿಟರ್ನ್ ತುಂಬಿಕೊಟ್ಟ ಏಜೆಂಟನದೇ ಇರುತ್ತದೆ. ರಾಶಿ ರಾಶಿ ರಿಟರ್ನ್ ಸಲ್ಲಿಸಲೆಂದೇ ತಾತ್ಕಾಲಿಕ ಮೇಲ್ ವಿಳಾಸ ಸೃಷ್ಟಿಸಿ ಆಮೇಲೆ ಕೈಬಿಡುತ್ತಾರೆ, ಅದರಿಂದ ನೋಟಿಸ್‌ಗಳನ್ನು ಯಾರೂ ಓದುವುದಿಲ್ಲ ಎಂದು ಇಲಾಖೆಯೇ 2025ರ ಜುಲೈನಲ್ಲಿ ಹೇಳಿದೆ. ಕೆಲವರದು ಹಳೇ ಮೊಬೈಲ್ ಸಂಖ್ಯೆ ಇರುತ್ತದೆ. ನಿಂತುಹೋದ ಸಂಖ್ಯೆಯನ್ನು ಕಂಪನಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು, ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ.

ಸರಿಪಡಿಸಿದ ಮೇಲೆ ಅದೇ ಪ್ರೊಫೈಲ್‌ನ "ಇ-ಫೈಲಿಂಗ್ ವಾಲ್ಟ್ ಹೈಯರ್ ಸೆಕ್ಯುರಿಟಿ"ಗೆ ಹೋಗಿ. ಲಾಗಿನ್‌ಗೂ ಪಾಸ್‌ವರ್ಡ್ ಬದಲಿಗೂ ಎರಡಕ್ಕೂ ಆಧಾರ್ ಒಟಿಪಿ ಕಡ್ಡಾಯ ಮಾಡಿ. ಬರೀ ಲಾಗಿನ್‌ಗೆ ಹಾಕಿ ಪಾಸ್‌ವರ್ಡ್ ಬದಲಿಗೆ ಬಿಟ್ಟರೆ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಯಾವತ್ತೂ ರಿಟರ್ನ್ ಸಲ್ಲಿಸದವರೂ ಪೋರ್ಟಲ್‌ನಲ್ಲಿ ತಮ್ಮ ಮೊಬೈಲ್ ಹಾಕಿ ಖಾತೆ ತೆರೆದಿಡುವುದು ಒಳ್ಳೆಯದು.

ನ್ಯೂಜೆರ್ಸಿ_ಕನ್ನಡತಿ:

ಅಮೆರಿಕದಲ್ಲಿರುವವರಿಗೆ ಚಿಕ್ಕ ಸೇರ್ಪಡೆ. ಇಲ್ಲಿಯ ತೆರಿಗೆ ಇಲಾಖೆ ಐಆರ್‌ಎಸ್ ಮೊದಲ ಸಂಪರ್ಕವನ್ನು ಸಾಮಾನ್ಯವಾಗಿ ಅಂಚೆಯಲ್ಲೇ ಮಾಡುತ್ತದೆ. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಕದ್ದವರು ನಿಮಗಿಂತ ಮೊದಲೇ ನಿಮ್ಮ ಹೆಸರಲ್ಲಿ ರಿಟರ್ನ್ ಹಾಕಿ ರಿಫಂಡ್ ಹೊಡೆಯುವುದು ಇಲ್ಲಿಯ ಪಿಡುಗು. ಅದಕ್ಕೆ ಐಆರ್‌ಎಸ್ ಆನ್‌ಲೈನ್ ಖಾತೆಯಿಂದ 6 ಅಂಕಿಯ ಐಪಿ ಪಿನ್ ಪಡೆಯಿರಿ, ಪ್ರತಿ ವರ್ಷ ಹೊಸದು ಬರುತ್ತದೆ. ಅದಿಲ್ಲದೆ ನಿಮ್ಮ ಸಂಖ್ಯೆಯಲ್ಲಿ ಇ-ಫೈಲ್ ಮಾಡಿದ ರಿಟರ್ನ್ ತಿರಸ್ಕೃತವಾಗುತ್ತದೆ. ಆಗಲೇ ಯಾರೋ ಸಲ್ಲಿಸಿದ್ದರೆ ಗುರುತಿನ ಕಳವು ತಿಳಿಸುವ ಫಾರ್ಮ್ 14039 ಹಾಕಿ. ಊರಿನ ಎನ್‌ಆರ್‌ಒ ಖಾತೆಯ (ಅನಿವಾಸಿಗಳು ಭಾರತದಲ್ಲಿ ಇಡುವ ರೂಪಾಯಿ ಖಾತೆ) ಬಡ್ಡಿಗೆ ಕಡಿತವಾದ ಟಿಡಿಎಸ್ ವಾಪಸ್ ಬರಬೇಕಾದವರು ಭಾರತದ ಪೋರ್ಟಲ್‌ನಲ್ಲೂ ಈಗ ಬಳಸುವ ಸಂಖ್ಯೆಯೇ ಇದೆಯೇ ನೋಡಿಕೊಳ್ಳಿ. ಊರು ಬಿಡುವಾಗ ನಿಲ್ಲಿಸಿದ ಸಿಮ್ ಸಂಖ್ಯೆ ಅಲ್ಲಿ ಹಾಗೇ ಉಳಿದಿರುತ್ತದೆ.

ಶಾಲ್ಮಲಾ_ಧಾರವಾಡ:

ಸಿಮ್ ತೆಗೆಸಿ, ಬ್ಯಾಂಕಿಗೆ ಹೇಳಿ, 1930ಕ್ಕೂ ಕರೆ ಮಾಡಿಸಿದ್ದಾಯಿತು. ದುಡ್ಡು ಹೋಗಿಲ್ಲ. ಆದರೆ ಅವರ ಪ್ರೊಫೈಲ್‌ನಲ್ಲಿ ಇದ್ದ ಮೇಲ್ ವಿಳಾಸ ಅವರದಲ್ಲ, ಅದನ್ನು ಬದಲಿಸಲು ಹಳೇ ಮೇಲ್‌ಗೂ ಒಟಿಪಿ ಹೋಗುತ್ತದೆಯೇ?

ಲೆಕ್ಕದಮನೆ_ತುಮಕೂರು:

ಲಾಗಿನ್ ಆದ ಮೇಲೆ ಹೊಸ ಮೇಲ್ ಹಾಕಿದರೆ ಆ ಹೊಸದಕ್ಕೆ ಒಟಿಪಿ ಬರುತ್ತದೆ, ಅದನ್ನು ತುಂಬಿದರೆ ಸಾಕು. ಪಾಸ್‌ವರ್ಡ್ ಕೂಡ ಏಜೆಂಟನ ಬಳಿಯೇ ಇದ್ದರೆ "ಫರ್ಗಾಟ್ ಪಾಸ್‌ವರ್ಡ್"ನಲ್ಲಿ ಆಧಾರ್ ಒಟಿಪಿ ಆರಿಸಿ, ಅದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಮಾತ್ರ ಬರುತ್ತದೆ. ತೊಡಕಾದರೆ ಇ-ಫೈಲಿಂಗ್ ಸಹಾಯವಾಣಿ 1800 103 0025ಕ್ಕೆ ಕರೆ ಮಾಡಿ. ಮಾಡುವಾಗ ಪ್ಯಾನ್ ಕಾರ್ಡ್ ಕೈಯಲ್ಲಿರಲಿ, ಒಟಿಪಿ ಮಾತ್ರ ಅವರಿಗೂ ಹೇಳಬೇಡಿ.